ಹತ್ತೊಂಬತ್ತು ಮನೆಗಳ ಕೀಲಿಕೈ

ಹೇಳಿ ನೋಡೋಣ. ಬಿ.ಎ. ಪಾಸಾದ ಒಬ್ಬ ಹುಡುಗ, ಬಾಡಿಗೆ ಕೋಣೆಯಲ್ಲಿ ಬಿದ್ದುಕೊಂಡವನು, ಒಂದೇ ತಿಂಗಳಲ್ಲಿ ಹತ್ತೊಂಬತ್ತು ಮನೆಗಳ ಯಜಮಾನನಾದ. ಹೇಗೆ? ಮಾವ ಕೊಟ್ಟ ಅನ್ನಬೇಡಿ, ಮದುವೆಯೇ ಆಗಿರಲಿಲ್ಲ. ಲಾಟರಿ ಅನ್ನಬೇಡಿ, ಅಂಥ ಹಣೆಬರಹವಿಲ್ಲ.

ಆ ಹುಡುಗ ನಾನೇ. ಈಗ ಬೀದರಿನ ಚಿದ್ರಿಯಲ್ಲಿ ಪೆನ್ಶನ್ ಉಂಡುಕೊಂಡು ಸುಖವಾಗಿದ್ದೇನೆ. ಆದರೆ ದಾರಿಯಲ್ಲಿ ಹೋಗುವ ತಮಾಷೆ ನೆಟ್ಟಗೆ ನನ್ನ ಬಾಗಿಲಿಗೇ ಬಂದು ಬಡಿಯುವುದು ಆಗಿನಿಂದಲೂ ಇದ್ದದ್ದೇ.

ದನವಿಲ್ಲದ ದವಾಖಾನೆ

ಎಪ್ಪತ್ತೆರಡರ ಬರ. ನಾನು ಔರಾದ ತಾಲೂಕಿನ ಎಕಂಬಾದಲ್ಲಿ ದನದ ದವಾಖಾನೆಯ ಗುಮಾಸ್ತ. ಓದಿದ್ದು ಇತಿಹಾಸ, ಸಿಕ್ಕಿದ್ದು ಎತ್ತಿನ ಜ್ವರ. ಅದೂ ಎಷ್ಟು ದಿನ? ಎರಡನೆಯ ವರ್ಷಕ್ಕೆ ಊರಿನಲ್ಲಿ ದನಗಳೇ ಉಳಿಯಲಿಲ್ಲ. ಕೆಲವು ಸಂತೆಗೆ ಹೋದವು, ಕೆಲವು ಮಣ್ಣಿಗೆ. ಮುಂಜಾನೆ ಬಾಗಿಲು ತೆಗೆಯುವುದು, ಔಷಧದ ಬಾಟಲಿ ಒರೆಸುವುದು, ಸಂಜೆ ಬಾಗಿಲು ಹಾಕುವುದು. ಇಷ್ಟೇ ಚಾಕರಿ.

ದನಗಳ ಹಿಂದೆ ಮನುಷ್ಯರೂ ಹೊರಟರು. ಹೈದರಾಬಾದಿನಲ್ಲಿ ಕಟ್ಟಡದ ಕೆಲಸ. ಲಾರಿ ಬಂದು ಊರ ಅಗಸಿ ಬಾಗಿಲಲ್ಲಿ ನಿಂತರೆ ಎರಡು ಮೂರು ಮನೆ ಖಾಲಿ. ಒಂದು ದಿನ ಎದುರು ಮನೆಯ ತಾಯಿ ಸೆರಗಿನಿಂದ ಕೀಲಿಕೈ ಬಿಚ್ಚಿ ನನ್ನ ಕೈಗಿಟ್ಟಳು.

"ಸಾಹೇಬ್ರ, ಇದು ನಿಮ್ಮ ಬಲ್ಲಿ ಇರ್ಲಿ. ಕಮಲನಗರದವರು ನಮ್ಮ ಮಗಳಿಗಿ ನೋಡ್ಲಿಕ್ಕ ಬರ್ತೇವಿ ಅಂದಾರ. ಬಂದ್ರ ಹೊಲಕ್ಕ ಹೋಗ್ಯಾರ ಅನ್ರಿ. ಕಲ್ಲು ಹೊರ್ಲಿಕ್ಕ ಹೋಗ್ಯಾರ ಅಂದ್ರ ಸಂಬಂಧ ಮುರೀತದ. ಮೊದಲೇ ಎರಡು ಮುರದಾವ."

"ಅದೆಲ್ಲ ಸರಿ ತಾಯಿ, ನನ್ನ ಬಲ್ಲಿ ಯಾಕ?"

"ಮತ್ಯಾರ ಬಲ್ಲಿ ಕೊಡ್ಲಿ? ಸರ್ಕಾರ ನಿಮ್ಮನ್ನ ಇಲ್ಲೇ ಕಟ್ಟಿ ಹಾಕ್ಯಾದ. ಊರಾಗ ಗೂಟಕ್ಕ ಇದ್ದದ್ದು ಈಗ ನೀವೊಬ್ರೇ."

ಭಾಲ್ಕಿ ಸಂತೆಯ ಕೀಲಿ

ನೋಡಿ, ಎಕಂಬಾದವರಿಗೆ ಕೀಲಿ, ಅಂದರೆ ಬೀಗ, ಹಾಕಿ ರೂಢಿಯೇ ಇರಲಿಲ್ಲ. ಬಾಗಿಲಿಗೊಂದು ಚಿಲಕ, ಚಿಲಕಕ್ಕೊಂದು ಕಡ್ಡಿ. ಕಡ್ಡಿ ಇದ್ದರೆ ಮನೆಯವರಿಲ್ಲ ಎಂದರ್ಥ, ನಾಯಿಗೂ ಗೊತ್ತಾಗುತ್ತಿತ್ತು. ಊರು ಬಿಡುವ ಹೊತ್ತಿಗೆ ಎಲ್ಲರೂ ಭಾಲ್ಕಿ ಸಂತೆಗೆ ಹೋಗಿ, ಒಬ್ಬನೇ ಅಂಗಡಿಯವನ ಬಳಿ, ಒಂದೇ ನಮೂನೆಯ ಕೀಲಿ ತಂದರು. ಯಾವ ಮನೆಯದೆಂದು ತಿಳಿಯಲಿ ಅಂತ ನಾನು ಕೀಲಿಕೈಗಳಿಗೆ ಬಣ್ಣಬಣ್ಣದ ಚಿಂದಿ ಕಟ್ಟಿ ಮೊಳೆಗೆ ತೂಗುಹಾಕಿದೆ. ಇಲಿ ಬಂದು ಚಿಂದಿಯನ್ನೆಲ್ಲ ಒಯ್ದಿತು. ಬರಗಾಲ, ಅದಾದರೂ ಏನು ತಿನ್ನಬೇಕು?

ಈಗ ಯಾವುದು ಯಾರದು? ಒಂದು ಕೀಲಿಕೈ ಹಿಡಿದು ಎದುರು ಮನೆಗೆ ಹಾಕಿದೆ, ತೆರೆಯಿತು. ನನ್ನ ನೆನಪಿನ ಶಕ್ತಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅದನ್ನೇ ಪಕ್ಕದ ಮನೆಗೆ ಹಾಕಿದೆ, ಅದೂ ತೆರೆಯಿತು. ಅದರಾಚೆಯದೂ. ಓಣಿ ಮುಗಿಯುವ ತನಕ ಒಂದೇ ಕೀಲಿಕೈ!

ಓಣಿಯಲ್ಲಿ ಉಳಿದಿದ್ದವನು ಒಬ್ಬನೇ ಮುದುಕ. ಅವನೂ ಮಗನ ಹಿಂದೆ ಮರುದಿನದ ಲಾರಿಗೆ ಹೊರಟವನು. ಓಡಿಹೋಗಿ ಹೇಳಿದೆ. ಅವನು ಬೀಡಿ ಕೆಳಗಿಡಲಿಲ್ಲ.

"ಯಾರಿಗಿ ಹೇಳಬ್ಯಾಡ್ರಿ. ಕಳ್ಳರ ಸಲಾಗಿ ಯಾರು ಹಾಕ್ಯಾರ್ರಿ ಕೀಲಿ? ವಾಪಸ್ ಬರ್ತೇವಿ ಅಂತ ಮನಿಗಿ ನಂಬಿಗಿ ಬರ್ಲಿ ಅಂತ ಹಾಕೀವಿ."

ಹೀಗೆಂದು ತನ್ನ ಕೀಲಿಕೈಯನ್ನೂ ಕೊಟ್ಟ. ಅದು ಹತ್ತೊಂಬತ್ತನೆಯದು. ನನ್ನ ಅಭಿಪ್ರಾಯ ಕೇಳುತ್ತೀರಾ? ಬೀದರ ಕೋಟೆಗೆ ಮೂರು ಸಾಲು ಕಂದಕ, ಆನೆ ಗುದ್ದಿದರೂ ಅಲುಗದ ಬಾಗಿಲು. ಆದರೂ ಬಿತ್ತು, ಯಾಕೆಂದರೆ ಒಳಗೆ ಏನೋ ಇತ್ತು. ನಮ್ಮ ಓಣಿಗೆ ಭಾಲ್ಕಿ ಸಂತೆಯ ಕೀಲಿ. ಒಬ್ಬ ಶತ್ರುವೂ ಇತ್ತ ಸುಳಿಯಲಿಲ್ಲ!

ಎಲ್ಲರ ಪೂಜಾರಿ

ಕೀಲಿಕೈ ಕೊಟ್ಟವರು ಬರೀ ಕೀಲಿಕೈ ಕೊಟ್ಟು ಹೋದರೇ? ಹೆಚ್ಚಿನವರು ಶುಕ್ರವಾರ ದೇವರ ಮುಂದೆ ದೀಪ ಹಚ್ಚಿ ಅಂದಿದ್ದರು. ಮೂಲೆ ಮನೆಯವರು ಹುಣ್ಣಿಮೆಗೆ ಬುದ್ಧನ ಮುಂದೆ ಮೇಣಬತ್ತಿ. ಇನ್ನೊಬ್ಬಳು, "ದೀಪ ಬ್ಯಾಡ್ರಿ, ವಾರಕ್ಕೊಮ್ಮಿ ಒಳಗ ಹೋಗಿ ಜೋರಾಗಿ ಕೆಮ್ಮಿ ಬರ್ರಿ, ಮನಿ ಅಂಜತದ" ಅಂದಿದ್ದಳು.

ಒಮ್ಮೆ ಹುಣ್ಣಿಮೆ ಶುಕ್ರವಾರವೇ ಬಂತು. ಕಡ್ಡಿಪೆಟ್ಟಿಗೆ ಹಿಡಿದು ಮನೆ ಮನೆ ಹೊಕ್ಕು ಹೊರಬರುತ್ತಿದ್ದೆ. ಬರದ ವರದಿ ಬರೆಯಲು ಬಂದ ಅಧಿಕಾರಿಯೊಬ್ಬರು ನಿಂತು ನೋಡಿದರು.

"ಏನ್ರೀ, ಊರಿಗಿ ಬೆಂಕಿ ಹಚ್ಲತ್ತೀರೇನು?"

"ದೀಪ ಹಚ್ಲತ್ತೇನ್ರಿ."

"ನಿಮ್ಮ ಮನಿ ಯಾವುದು?"

ತೋರಿಸಿದೆ. ಕೆಮ್ಮಿನ ಮನೆ ಬಿಟ್ಟರೆ ಓಣಿಯಲ್ಲಿ ಕತ್ತಲಿದ್ದದ್ದು ಅದೊಂದೇ. ಇದ್ದ ಎಣ್ಣೆಯೆಲ್ಲ ಊರಲ್ಲಿಲ್ಲದವರಿಗೇ ಸಾಲುತ್ತಿರಲಿಲ್ಲ. ಅವರು ಪುಸ್ತಕ ತೆಗೆದು ಬರೆದುಕೊಂಡರು: ಊರು ತುಂಬಿದೆ, ಗುಮಾಸ್ತ ಮಾತ್ರ ಗುಳೆ ಹೋಗಿದ್ದಾನೆ!

ಅದನ್ನು ನೆನೆದು ಇಂದಿಗೂ ನಗುತ್ತೇನೆ. ಆ ಹತ್ತೊಂಬತ್ತರಲ್ಲಿ ನಾಲ್ಕು ಮನೆಯವರು ತಿರುಗಿ ಬರಲೇ ಇಲ್ಲ. ಅವರ ಕೀಲಿಕೈ ಇನ್ನೂ ನನ್ನ ಟ್ರಂಕಿನಲ್ಲಿವೆ. ಹೆಂಡತಿ ಕೇಳುತ್ತಾಳೆ, ಯಾಕ ಇಟ್ಟೀರಿ? ಎಲ್ಲಿ ಚೆಲ್ಲಲಿ, ನೀವೇ ಹೇಳಿ.

ಉಡಿ

ಕೊನೆಗೆ ಕಮಲನಗರದವರು ಬಂದೇಬಿಟ್ಟರು. ವರನ ಅಪ್ಪ, ವರನ ಅವ್ವ. ನಾನು ಎದುರು ಮನೆಯ ಬಾಗಿಲು ತೆರೆದು, ಚಾಪೆ ಕೊಡವಿ ಹಾಕಿ, ಕಲಿಸಿದ ಪಾಠ ಒಪ್ಪಿಸಿದೆ.

"ಹೊಲಕ್ಕ ಹೋಗ್ಯಾರ್ರಿ."

"ಯಾವಾಗ?"

"ಈಗೇ. ನೀವು ಬರೂದು, ಅವರು ಹೋಗೂದು."

ಆತ ತಲೆಯೆತ್ತಿ, ತನ್ನ ರುಮಾಲಿಗೆ ಸುತ್ತಿಕೊಂಡ ಜೇಡರ ಬಲೆಯನ್ನು ಮೆಲ್ಲಗೆ ಬಿಡಿಸಿಕೊಂಡ. "ಇದೂ ಈಗೇ ಕಟ್ಟಿದ್ದೇನ್ರಿ?"

"ನಮ್ಮೂರ ಜೇಡ ಭಾಳ ಚುರುಕು" ಅಂದೆ. ಆಕೆ ಅಡಿಗೆಮನೆಗೆ ಹೋಗಿ ಒಲೆಯ ಬೂದಿ ಮುಟ್ಟಿ ನೋಡಿ ಬಂದಳು. ಮೂರನೆಯ ಸಂಬಂಧವೂ ಹೋಯಿತು, ಅದೂ ನನ್ನ ಕೈಯಲ್ಲೇ!

ಆತ ಬಲೆ ಬಿಡಿಸುತ್ತಿದ್ದ ಬೆರಳು ಆಗ ನೋಡಿದೆ. ಸಿಮೆಂಟು ತಿಂದು ಬಿರಿದ ಬೆರಳು. ನಾನು ನೋಡಿದ್ದನ್ನು ಆತನೂ ನೋಡಿದ.

"ಪುರೇ, ಸಾಹೇಬ್ರ, ಸಾಕು ಮಾಡ್ರಿ. ನಾವೂ ಹೈದರಾಬಾದದಿಂದೇ ಬಂದೀವಿ. ನಮ್ಮ ಮನಿ ಕೀಲಿಕೈ ಕಮಲನಗರದಾಗ ಸಾಲಿ ಮಾಸ್ತರ ಬಲ್ಲಿ ಅದ. ಅಂವಾ ನಿಮಗಿಂತ ಚೊಲೋ ಸುಳ್ಳ ಹೇಳ್ತಾನ."

"ಹುಡುಗಿನೂ ಹೈದರಾಬಾದಿನಾಗೇ ಅದಾಳ್ರಿ! ಅಲ್ಲೇ ನೋಡಬಹುದಿತ್ತು."

"ನೋಡೀವಿ. ಇಟ್ಟಂಗಿ ಹೊರೂ ಮುಂದ ನೋಡಿ ಒಪ್ಪೀವಿ" ಅಂದಳು ಆಕೆ. "ಆದ್ರ ತಗಡಿನ ಗುಡಿಸಲಾಗ ಉಡಿ ಹ್ಯಾಂಗ ತುಂಬ್ಲಿ? ತೌರಮನಿ ಹೊಸ್ತಿಲು ಬೇಕಲ್ರಿ. ಹುಡುಗಿಗಿ ಕರ್ಕೊಂಡು ಬರ್ಲಿಕ್ಕ ಬಸ್ಸಿನ ರೊಕ್ಕ ಸಾಲಲಿಲ್ಲ. ಓಣ್ಯಾಗ ಯಾರರ ಹೆಣ್ಣಮಗಳು ಇದ್ರ ಕರೀರಿ, ಆಕಿ ಹೆಸರಲೇ ಉಡಿ ಒಡ್ಲಿ."

ಓಣಿಯ ಈ ತುದಿಯಿಂದ ಆ ತುದಿಗೆ ನೋಡಿದೆ. ತೆರೆದದ್ದು ಇದೊಂದೇ ಬಾಗಿಲು, ಉಳಿದ ಹದಿನೆಂಟಕ್ಕೂ ಕೀಲಿ.

"ಹಂಗಾರ ನೀವೇ ಕೂಡ್ರಿ" ಅಂದಳು.

ಕೂತೆ. ಬಿ.ಎ. ಪಾಸು, ಮೀಸೆ ಬಿಟ್ಟ ಗಂಡಸು, ಆ ಹೊಸ್ತಿಲ ಮೇಲೆ ಟವೆಲ್ ಹಾಸಿ ತಲೆ ತಗ್ಗಿಸಿ ಕೂತೆ. ಆಕೆ ಐದು ಹಿಡಿ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು, ಅರಿಶಿನದ ಬೇರು ಇಟ್ಟಳು. ಆಕೆಯ ಗಂಡ ನಗು ತಡೆಯಲಾರದೆ ಕೆಮ್ಮುತ್ತಿದ್ದ. ಆಕೆ ನಗಲಿಲ್ಲ. ಕುಂಕುಮದ ಬೆರಳನ್ನು ನನ್ನ ಹಣೆಯ ತನಕ ತಂದು, ತಡೆದು, "ಚೊಲೋ ಇರವ್ವ" ಅಂದಳು. ನಾನೂ ತಲೆ ಎತ್ತದೆ "ಹೂಂ ಅತ್ತಿ" ಅಂದುಬಿಟ್ಟೆ.

ಆ ಟವೆಲನ್ನು ಗಂಟು ಕಟ್ಟಿ ಹಾಗೆಯೇ ಅವರ ಕೈಯಲ್ಲಿ ಹೈದರಾಬಾದಿಗೆ ಕಳಿಸಿದೆ. ಸಂಬಂಧ ಮುರಿಯಲಿಲ್ಲ.

ಶುಭಕಾರ್ಯಕ್ಕೆ ಯಾರೂ ಹಿಡಿಯದ ದಿನ ಅದು. ಅವರೇನು ಮಾಡಬೇಕು? ಕಟ್ಟಡ ಕಟ್ಟುವ ಗೌಂಡಿಗಳು ತಿಂಗಳಲ್ಲಿ ಕರಣಿ ಮುಟ್ಟದ ದಿನ ಅದೊಂದೇ, ಅವರಿಗೆ ಸಿಕ್ಕ ರಜೆಯೂ ಅದೊಂದೇ. ನಮ್ಮ ಜಿಲ್ಲೆಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತೆನೆ ಹೊತ್ತ ಭೂಮಿತಾಯಿಗೆ ಉಡಿ ತುಂಬುವ ದಿನ. ಆ ವರ್ಷ ಎಕಂಬಾದ ಯಾವ ಹೊಲದಲ್ಲೂ ತೆನೆ ಇರಲಿಲ್ಲ, ತುಂಬುವವರೂ ಇರಲಿಲ್ಲ. ಊರಿಗೆಲ್ಲ ತುಂಬಿದ್ದು ಒಂದೇ ಉಡಿ, ಅದೂ ನನ್ನದು. ಅವತ್ತು ಎಳ್ಳಮಾವಾಸ್ಯೆ.