ಮೂರೂರಿಗೆ ಮೂರು ‘ಮಿರಮಿರ’

ಮುಖಕ್ಕೆ ಬಣ್ಣ ಹಚ್ಚುವ ಗಂಡಸು ಮನೆಯಲ್ಲಿ ಒಬ್ಬನಿದ್ದರೆ ಸಾಕು, ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಕನ್ನಡಿ ಮುಂದೆ ಸಾಲು ನಿಲ್ಲುತ್ತವೆ. ನಮ್ಮಲ್ಲಿ ಆ ಗಂಡಸು ನನ್ನ ದೊಡ್ಡಪ್ಪನ ಮಗ. ಅರಸೀಕೆರೆಯಲ್ಲಿ ಮೂವರು ಗೆಳೆಯರನ್ನು ಸೇರಿಸಿಕೊಂಡು ಗ್ಲಾಮ್ ರಾಕ್ ಬ್ಯಾಂಡ್ ಕಟ್ಟಿದ್ದಾನೆ. ಗ್ಲಾಮ್ ರಾಕ್ ಅಂದರೆ ಅದೇ ಗಿಟಾರು, ಡ್ರಮ್ಮಿನ ಗಲಾಟೆ. ಆದರೆ ಗಂಡಸರು ಮಿಂಚಿನ ಬಟ್ಟೆ ಹಾಕಿ, ಕಣ್ಣಿಗೆ ಕಾಡಿಗೆ ತೀಡಿ, ತುಟಿಗೆ ಬಣ್ಣ ಬಳಿದು, ಗೇಣುದ್ದ ಹಿಮ್ಮಡಿಯ ಬೂಟಿನ ಮೇಲೆ ನಿಂತು ಮಾಡಬೇಕು. ಅವರ ಮೊದಲ ಸ್ಟುಡಿಯೋ ಆಲ್ಬಂ ‘ಮಿರಮಿರ’. ಅದರಲ್ಲಿ ನಾನೂ ಇದ್ದೇನೆ. ಹಾಗಂತ ಎಲ್ಲೂ ಬರೆದಿರಲಿಲ್ಲ, ಅಷ್ಟೇ.

ದ್ರೌಪದಿ

ಇಂಥ ಬಟ್ಟೆ ಹೊಲಿಯಲು ಅರಸೀಕೆರೆಯಲ್ಲಿ ಸಿಕ್ಕಿದ್ದು ಪೌರಾಣಿಕ ನಾಟಕಕ್ಕೆ ಹೊಲಿಯುವ ಟೈಲರ್ ಒಬ್ಬರೇ. ಅಳತೆ ತೆಗೆಯುತ್ತಾ, “ದುರ್ಯೋಧನಂದಾ, ಶಕುನೀದಾ?” ಅಂದರು.

“ರಾಕ್ ಸ್ಟಾರ್‌ದು.”

“ಗದೆ ಇರ್ತದಾ?”

“ಗಿಟಾರ್ ಇರ್ತದೆ.”

“ಹಂಗಾದ್ರೆ ಕಂಕುಳಲ್ಲಿ ಸಡಿಲ ಇಡ್ತೀನಿ ಬಿಡಿ.”

ಬಟ್ಟೆ ತೊಟ್ಟು, ಬಣ್ಣ ಬಳಿದುಕೊಂಡು ಅಣ್ಣ ಅಜ್ಜಿಯ ಮುಂದೆ ನಿಂತ. ಅಜ್ಜಿ ನಾಟಕದ ಹುಚ್ಚಿನ ಗಂಡಸಿ ಊರಿನವಳು, ಬೆಚ್ಚಿ ಬೀಳಲಿಲ್ಲ. “ನಿಮ್ಮ ತಾತಾನೂ ನಾಟಕದಲ್ಲಿ ದ್ರೌಪದಿ ಆಗೋರು ಕಣ್ಲಾ” ಅಂದಳು.

ಅಣ್ಣ ಉಬ್ಬಿಹೋದ. “ನಂದೂ ಅವ್ರದೇ ಮುಖ ಅಲ್ವಾ ಅಜ್ಜಿ?”

ಅಜ್ಜಿ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. “ಅವ್ರ ಸೀರೆ ಎಳುದ್ರೆ ಇಡೀ ಊರು ಅಳೋದು. ನಿಂದು ಎಳುದ್ರೆ ಕೃಷ್ಣನೂ ಬರಾಕಿಲ್ಲ.”

ಎತ್ತರದ ಸ್ವರ

ಸ್ಟುಡಿಯೋ ಅಂದರೆ ಮದುವೆ ಫೋಟೋ ತೆಗೆಯುವವರ ಅಂಗಡಿಯ ಮೇಲಿನ ಕೋಣೆ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದರು. ನನ್ನನ್ನು ಕರೆದುಕೊಂಡು ಹೋಗಿದ್ದು ಕವರಿನ ಹಿಂದೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವುದಕ್ಕೆ. ಇಂಗ್ಲಿಷ್ ಮೀಡಿಯಂ ಹುಡುಗಿ, ಮಾತಾಡುವುದಿಲ್ಲ, ಬರೆದುಕೊಟ್ಟು ಮೂಲೆಯಲ್ಲಿ ಕೂರುತ್ತಾಳೆ ಅಂತ.

ಪ್ರತಿ ಹಾಡಿನ ಕೊನೆಗೂ ಒಂದು ಎತ್ತರದ, ಉದ್ದನೆಯ ಸ್ವರ ಇತ್ತು. ಅಲ್ಲಿಗೆ ಬಂದಾಗಲೆಲ್ಲ ಅಣ್ಣನ ದನಿ ಒಡೆಯುತ್ತಿತ್ತು.

“ಅದು ಭಾವ” ಅಂದ ಅಣ್ಣ.

“ಭಾವ ಅಲ್ಲ ಸಾರ್, ಗಂಟ್ಲು” ಅಂದರು ರೆಕಾರ್ಡಿಂಗ್‌ನವರು.

ನಾನು ಮೂಲೆಯಲ್ಲಿ ಕೂತು ಆ ಸ್ವರವನ್ನು ಸುಮ್ಮನೆ ಗುನುಗಿದೆ. ಎಲ್ಲರೂ ತಿರುಗಿ ನೋಡಿದರು. ಆ ಸ್ವರ ನೀನೇ ಹಾಡಬೇಕು ಅಂದರು. ನಾನು ಒಂದು ಮಾತು ಹೇಳಿಯೇಬಿಟ್ಟೆ: “ಕವರಿನ ಮೇಲೆ ನನ್ನ ಹೆಸರು ಹಾಕಬೇಕು.” ಹುಟ್ಟಿದಾಗಿನಿಂದ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

“ದಪ್ಪ ಅಕ್ಷರದಲ್ಲಿ ಹಾಕಿಸ್ತೀನಿ ಕಣೇ!” ಅಂದ ಅಣ್ಣ.

ನನ್ನ ದನಿಯನ್ನು ಅವನ ದನಿಗೆ ಎಷ್ಟು ನಾಜೂಕಾಗಿ ಬೆಸೆದರೆಂದರೆ, ಹಾಡು ಕೇಳಿ ಅಣ್ಣನ ಕಾಡಿಗೆಯೆಲ್ಲ ಕಣ್ಣೀರಲ್ಲಿ ಇಳಿಯಿತು. “ನಾನು ಇಷ್ಟು ಚೆನ್ನಾಗಿ ಹಾಡ್ತೀನಾ!”

ಎತ್ತರದ ಮನುಷ್ಯ

ಕವರಿನ ಫೋಟೋಗೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಹೋದೆವು. ಅಲ್ಲಿನ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ, ಅಣ್ಣನಿಗೆ ಬೇಕಾದ್ದೂ ಅದೇ. ಬಾಗಿಲಲ್ಲಿ ಕಾವಲಿನವರು, “ಬೂಟು ಆಚೆ ಬಿಡಿ” ಅಂದರು. ಬಿಚ್ಚಿದ. ಅಣ್ಣ ಸರ್ರನೆ ಇಳಿದುಹೋದ, ಮಿಂಚಿನ ಪ್ಯಾಂಟು ನೆಲ ಗುಡಿಸತೊಡಗಿತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಒಳಗೆ ಹೋಗಿ, ಹೊಯ್ಸಳರ ಕಂಬದಲ್ಲಿ ಮುಖ ನೋಡಿಕೊಂಡು ತುಟಿ ತಿದ್ದಿಕೊಂಡ.

ಹೊರಗೆ ಬಂದಾಗ ಕಾವಲಿನವರು ಇವನ ತಲೆಯ ಮೇಲಿಂದ ಒಳಗೆ ಇಣುಕಿ ನೋಡುತ್ತಿದ್ದರು. “ಎತ್ತರಕ್ಕೆ ಒಬ್ರು ಇದ್ರಲ್ಲ, ಅವ್ರು ಇನ್ನೂ ಬರಲಿಲ್ವಾ?”

ಮೂರು ದೇಶ

“ದೊಡ್ಡ ಬ್ಯಾಂಡ್‌ಗಳು ಒಂದೇ ಆಲ್ಬಂನ ಜಪಾನ್‌ಗೊಂದು ಥರ, ಅಮೆರಿಕಕ್ಕೊಂದು ಥರ ಬಿಡ್ತಾವೆ ಕಣೇ. ನಮಗೂ ಮೂರು ದೇಶ ಇದಾವೆ” ಅಂದ ಅಣ್ಣ. ಅರಸೀಕೆರೆ, ಹಳೇಬೀಡು, ಬೇಲೂರು. ಪೆನ್‌ಡ್ರೈವ್ ಒಂದೇ, ಹಾಡೂ ಅವೇ, ಡಬ್ಬಿಯ ಕವರು ಮಾತ್ರ ಮೂರು.

ಅರಸೀಕೆರೆ ಕವರು ಮೊದಲು ಬಂತು. ಖರ್ಚು ಹಾಕಿದ ಕೊಬ್ಬರಿ ಸಾಹುಕಾರರ ಫೋಟೋ, ಅವರ ಹಿಂದೆ ತೆಂಗಿನಮರ, ಮರದ ಹಿಂದೆ ಬ್ಯಾಂಡು. ನನ್ನ ಹೆಸರು? “ಇತ್ತು ಕಣೇ. ಗರಿ ಅಡ್ಡ ಬಂತು.”

ಹಳೇಬೀಡಿನದಕ್ಕೆ ದೊಡ್ಡಮ್ಮ ಅಡ್ಡ ಬಂದರು. “ಹೆಣ್ಮಗೀನ ಹೆಸರು ಹಿಂಗೆ ಬೀದಿ ಮೇಲೆ ಹಾಕಿದ್ರೆ ನಾಳೆ ಗಂಡಿನ ಕಡೆಯೋರು ಏನಂದಾರು?” ಈ ಮಾತು ಆಡುವಾಗ ಅವರು ಮಗನ ತುಟಿಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು.

ಬೇಲೂರಿನದಕ್ಕೆ ಹತ್ತಿರದ ಹಗರೆ ಊರಿನ ಡೇರಿ ಅಧ್ಯಕ್ಷರು ಬಿಡುಗಡೆ ಸಮಾರಂಭಕ್ಕೆ ಕಲ್ಯಾಣ ಮಂಟಪ ಕೊಡಿಸುವುದಾಗಿ ಒಪ್ಪಿದ್ದರು. ಒಂದೇ ಷರತ್ತು: ಹಾಡಿನ ನಡುವೆ ಅವರ ಹಸು ಕೂಗಬೇಕು. ಕೊಟ್ಟಿಗೆಗೆ ಮೈಕ್ ಹೋಯಿತು. ಹಸು ಒಂದೇ ಸಲಕ್ಕೆ ಸ್ವರ ಹಿಡಿಯಿತು, ಅಣ್ಣನ ಹಾಗೆ ಒಡೆಯಲಿಲ್ಲ. ಬೇಲೂರಿನವರಿಗೆ ಮಾತ್ರ ಹಸುವಿನ ದನಿ ಹೆಚ್ಚು ಅಂತ ಅರಸೀಕೆರೆಯವರು ಮುನಿಸಿಕೊಂಡರು.

ಕವರು ಬಂತು. ತಿರುಗಿಸಿ ನೋಡಿದೆ. ದಪ್ಪ ಅಕ್ಷರದಲ್ಲಿ ಇತ್ತು: ‘ವಿಶೇಷ ಧ್ವನಿ: ಗೌರಿ, ಹಗರೆ.’

ನನ್ನ ಹೆಸರು ಗೌರಿ ಅಲ್ಲ. ಅದು ಹಸು.

ಸನ್ಮಾನ

ಬೇಲೂರಿನ ಬಿಡುಗಡೆಗೆ ಮಂಟಪ ತುಂಬಿತ್ತು. ಪೆನ್‌ಡ್ರೈವ್ ಹಾಡುತ್ತದೆ, ಅಣ್ಣ ಬಾಯಿ ಆಡಿಸುತ್ತಾನೆ. ನಾನು ಪರದೆಯ ಹಿಂದೆ ನೀರಿನ ಬಾಟಲಿ, ಕನ್ನಡಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಒಂದು ಮೈಕ್ ಸುಮ್ಮನೆ ಬಿದ್ದಿತ್ತು.

ಎತ್ತರದ ಸ್ವರ ಬಂತು. ಅಣ್ಣ ಕೈ ಮೇಲೆತ್ತಿ ಬಾಯಿ ಅಗಲಿಸಿದ. ಅಷ್ಟಕ್ಕೆ ಪೆನ್‌ಡ್ರೈವ್ ನಿಂತುಹೋಯಿತು. ಬಾಯಿ ಮಾತ್ರ ತೆರೆದೇ ಇತ್ತು. ಕಣ್ಣು ಮೆಲ್ಲಗೆ ಪರದೆಯ ಕಡೆ ಹೊರಳಿತು. ಪಾಪ ಅನ್ನಿಸಿತು. ಮೈಕ್ ಎತ್ತಿಕೊಂಡು ಹಾಡಿದೆ.

ಸ್ವರ ಕೇಳಿದ್ದೇ ಅಣ್ಣ ನೆಮ್ಮದಿಯಿಂದ ಬಾಯಿ ಮುಚ್ಚಿದ. ಸ್ವರ ಮುಂದುವರಿಯಿತು. ಉಗುಳು ನುಂಗಿದ. ಆಗಲೂ ಮುಂದುವರಿಯಿತು.

“ಏಯ್, ಹಿಂದ್ಗಡೆ ಯಾರೋ ಅವ್ರೆ! ಕರೀರಿ ಈಚೆಗೆ!” ಜನ ಶಿಳ್ಳೆ ಹೊಡೆದರು.

ನಿರೂಪಕರು ತಡಬಡಾಯಿಸಿ ಕವರು ತಿರುಗಿಸಿದರು. “ಈ ಮಧುರ ಕಂಠ ಹಗರೆಯ ಹೆಮ್ಮೆಯ ಪುತ್ರಿ, ಕುಮಾರಿ ಗೌರಿಯವರದ್ದು! ದಯವಿಟ್ಟು ವೇದಿಕೆಗೆ ಬರಬೇಕು!” ಯಾರೋ ನನ್ನನ್ನು ಮೈಕ್ ಸಮೇತ ಮುಂದಕ್ಕೆ ತಳ್ಳಿದರು. ಹೆಗಲಿಗೆ ಶಾಲು ಬಿತ್ತು.

ಮೊದಲ ಸಾಲಿನಲ್ಲಿ ಡೇರಿ ಅಧ್ಯಕ್ಷರು ಎದ್ದು ನಿಂತರು. “ರೀ, ನಮ್ಮ ಗೌರಿ ಕೊಟ್ಟಿಗೇಲವಳೆ! ಬೆಳಿಗ್ಗೆ ಹಾಲು ಕೊಟ್ಟವಳೆ! ಈಯಮ್ಮ ಯಾರು?”

ಮಂಟಪವೆಲ್ಲ ನನ್ನನ್ನೇ ನೋಡಿತು. ಮೂರು ಬಿಡುಗಡೆಯಲ್ಲಿ ಯಾರೂ ಕೇಳದ ಪ್ರಶ್ನೆ. ಮೈಕಿನಲ್ಲಿ ನನ್ನ ಹೆಸರು ಹೇಳಿದೆ. ಮೊದಲು ಮೆಲ್ಲಗೆ, ಆಮೇಲೆ ಊರು, ಅಪ್ಪನ ಹೆಸರು ಸೇರಿಸಿ ಜೋರಾಗಿ.

“ಹೆಸರು ಏನಾದ್ರೂ ಇರ್ಲಿ ಕಣವ್ವಾ” ಅಂದರು ಅಧ್ಯಕ್ಷರು, “ಶಾಲು ನಮ್ಮ ಹಸೂಗೆ ಸೇರಬೇಕಾದ್ದು.”

ಅಣ್ಣ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ: “ಶಾಲೂ ಕೊಡು, ಮೈಕೂ ಕೊಡು, ಒಳಗೆ ಹೋಗು ಕಣೇ.”

ಶಾಲು ಕೊಟ್ಟುಬಿಟ್ಟೆ. ಈಗಲೂ ಹಗರೆಯಲ್ಲಿ ಚಳಿ ಬಿದ್ದಾಗ ಗೌರಿ ಅದನ್ನು ಹೊದ್ದುಕೊಂಡು ನಿಲ್ಲುತ್ತಾಳಂತೆ. ಮೈಕ್ ಮಾತ್ರ ಕೊಡಲಿಲ್ಲ. ಉಳಿದ ಹಾಡುಗಳನ್ನೆಲ್ಲ ನಾನೇ ಹಾಡಿದೆ. ಅಣ್ಣ ಹಿಂದೆ ನಿಂತು ನೀರಿನ ಬಾಟಲಿ ಹಿಡಿದುಕೊಂಡಿದ್ದ.