ಅತ್ತೆ ಗಿರಾಕಿಯಾದದ್ದು

ನಮ್ಮ ಸೋದರತ್ತೆಯ ಎದುರು ಕೂತು ರೊಟ್ಟಿ ತಿನ್ನಲು ನಮ್ಮೂರು ಸಂಶಿಯ ದೊಡ್ಡ ದೊಡ್ಡ ಗಂಡಸರೇ ಹೆದರುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಅವಳೇನು ಬೈಯುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ಆ ನೋಟದಲ್ಲೇ ಪರೀಕ್ಷೆ ನಡೆದು ಫಲಿತಾಂಶವೂ ಪ್ರಕಟವಾಗಿಬಿಡುತ್ತಿತ್ತು! ಮನುಷ್ಯ ಎಂಥವನು ಎಂಬುದು ಅವನು ರೊಟ್ಟಿ ಮುರಿಯುವ ರೀತಿಯಲ್ಲೇ ತಿಳಿಯುತ್ತದೆ ಎಂದು ಅವಳು ನಂಬಿದ್ದಳು. ಹೊಲ, ನೌಕರಿ, ಜಾತಕ ಎಲ್ಲ ಆಮೇಲೆ.

ನನ್ನನ್ನು ನೋಡಲು ಬಂದ ಮೊದಲ ವರ ಕೈತಪ್ಪಿದ್ದು ಹೀಗೆಯೇ. ಹುಡುಗ ಚೆಂದವಿದ್ದ, ಕೈತುಂಬ ಸಂಬಳವಿತ್ತು. ಆದರೆ ಪುಣ್ಯಾತ್ಮ ರೊಟ್ಟಿಯ ಅಂಚನ್ನೆಲ್ಲ ಮುರಿದು ತಾಟಿನ ಬದಿಗಿಟ್ಟು, ನಡುವಿನದನ್ನಷ್ಟೇ ತಿಂದ. ಅವರು ಹೋದ ಮೇಲೆ ಅತ್ತೆ ಆ ತಾಟನ್ನು ತಂದು ಅಪ್ಪನ ಮುಂದಿಟ್ಟಳು. "ಮೆತ್ತಂದಷ್ಟ ಬೇಕಂತ ಇವಗ. ಸಂಸಾರ ಹ್ಯಾಂಗ ಮಾಡ್ತಾನ?" ಎಂದಳು. ಎರಡನೆಯವನು ಚೂರೂ ಬಿಡದೆ ತಿಂದು ಇನ್ನರ್ಧ ರೊಟ್ಟಿ ಕೇಳಿದ. ಈಗ ನನ್ನ ಗಂಡ ಅವನೇ. ಏನು ಓದಿದ್ದಾನೆಂದು ತನ್ನನ್ನು ಯಾರೂ ಕೇಳಲೇ ಇಲ್ಲವೆಂದು ಇವತ್ತಿಗೂ ನಗುತ್ತಾನೆ.

ಯರಗುಪ್ಪಿಯ ಮದುವೆಯೊಂದಕ್ಕೆ ಹೋದಾಗ ಅಕ್ಷತೆಯ ಹೊತ್ತಿಗೆ ಅತ್ತೆಯೇ ನಾಪತ್ತೆ. ಹುಡುಕಿದರೆ ಅಡುಗೆಯ ಚಪ್ಪರದಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತಿದ್ದಾಳೆ. ಅಡುಗೆಯವರ ರೊಟ್ಟಿ ದಪ್ಪವಾಗಿತ್ತಂತೆ, ನೋಡಲಾಗಲಿಲ್ಲವಂತೆ. ಹೊಸ ರೇಷ್ಮೆ ಸೀರೆಗೆಲ್ಲ ಹಿಟ್ಟು. ಇಂಥವಳನ್ನು ಮದುವೆಗೆ ಕರೆದುಕೊಂಡು ಹೋಗುವುದಾದರೂ ಹೇಗೆ?

ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಅತ್ತೆ, ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ರೊಟ್ಟಿ ಬಡಿದಳು. ಬೆಳಿಗ್ಗೆ ಹತ್ತಕ್ಕೆ ಹೋದರೆ ಸಂಜೆ ಐದರವರೆಗೆ. ಒಲೆಗಳ ಮುಂದೆ ನಾಲ್ವರು ಹೆಂಗಸರು, ಎಲ್ಲರಿಗೂ ಹಿರಿಯಳು ಇವಳೇ. ಆ ಕೋಣೆಗೆ ಕಿಟಕಿ ಇರಲಿಲ್ಲ. ಹೊಗೆಗೆ ಒಬ್ಬಳ ಕಣ್ಣು ಕೆಟ್ಟಾಗ ಅತ್ತೆ ಮಾಲಕರ ಬಳಿ ಹೋಗಿ, ಹೊಗೆ ಹೋಗಲು ದಾರಿ ಮಾಡಿಸಬೇಕು, ವಾರಕ್ಕೊಂದು ದಿನ ಎಲ್ಲರಿಗೂ ಸೂಟಿ ಬೇಕು ಎಂದು ಕೇಳಿದಳು. ಉಣ್ಣುತ್ತಿದ್ದ ಗಿರಾಕಿಗಳೆಲ್ಲ ಕೇಳಿಸಿಕೊಳ್ಳುವ ಹಾಗೆ ಕೇಳಿದ್ದರಿಂದ ಮಾಲಕರು ಇಲ್ಲವೆನ್ನಲಾಗಲಿಲ್ಲ. ತಗಡಿನ ಕೊಳವೆ ಬಂತು, ಸೂಟಿಯೂ ಬಂತು. ಹದಿನೈದು ದಿನ ಬಿಟ್ಟು ಅವರು ಅತ್ತೆಯೊಬ್ಬಳನ್ನೇ ಕರೆದರು.

"ನಿಮಗ ವಯಸ್ಸಾತ್ರಿ ಅವ್ವಾರ, ಕೈ ಸೋತೈತಿ. ನಾಳಿಂದ ಹನ್ನೆರಡಕ್ಕ ಬಂದು ಎರಡಕ್ಕ ಹೋದ್ರ ಸಾಕು."

ಏಳು ತಾಸಿನ ಕೆಲಸ ಎರಡು ತಾಸಿಗೆ ಇಳಿಯಿತು. ಪಗಾರವೂ ಅದರ ಜೊತೆಗೇ ಇಳಿಯಿತು ಎಂದು ಬೇರೆ ಹೇಳಬೇಕೆ?

ಮರುದಿನ ಅತ್ತೆ ಎಂದಿನಂತೆ ಹತ್ತಕ್ಕೇ ಹೊರಟಳು, ಅದೂ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟುಕೊಂಡು. ಹಿಂದಿನ ಬಾಗಿಲಿನಿಂದಲ್ಲ, ಮುಂದಿನ ಬಾಗಿಲಿನಿಂದ ಹೋಗಿ ಮೊದಲ ಟೇಬಲ್ಲಿಗೆ ಕೂತು ಚಹಾ ಹೇಳಿದಳು! ಹನ್ನೆರಡು ಹೊಡೆದ ಕೂಡಲೇ ಎದ್ದು ಒಳಗೆ ಹೋಗಿ ರೊಟ್ಟಿ ಬಡಿದಳು. ಎರಡಕ್ಕೆ ಕೈ ತೊಳೆದು ಮತ್ತೆ ಹೊರಗೆ ಬಂದು, ಗಿರಾಕಿಯಾಗಿ ಕೂತು ಊಟ ಹೇಳಿದಳು. ನಾಲ್ವರ ಕೆಲಸ ಮೂವರ ಮೇಲೆ ಬಿದ್ದಿತ್ತಲ್ಲ, ರೊಟ್ಟಿ ತಡವಾಗಿ ಬಂತು, ಒಂದು ಬದಿ ಹಸಿಯಾಗಿಯೂ ಬಂತು. ಪಕ್ಕದವನು ಗೊಣಗಿದ. ಅತ್ತೆ ಸಮಾಧಾನವಾಗಿ, ಒಳಗಿನ ಹೆಂಗಸರ ಕೈ ಬಂಗಾರದಂಥದು, ತಪ್ಪು ಅವರದಲ್ಲ, ಮಾಲಕರ ಗಡಿಯಾರ ಕೆಟ್ಟಿದೆ ಎಂದು ವಿವರಿಸಿದಳು. ನಾಲ್ಕನೆಯ ದಿನದ ಹೊತ್ತಿಗೆ ಅವಳ ವಿವರಣೆ ಕೇಳಲೆಂದೇ ಜನ ಬರತೊಡಗಿದರು. ಗಿರಾಕಿಯನ್ನು ಹೊರಗೆ ಹಾಕುವುದು ಹೇಗೆ? ಮಾಲಕರು ನಮ್ಮ ಮನೆಗೆ ಬಂದು, ನಿಮ್ಮ ಅತ್ತೆಗೆ ಬುದ್ಧಿ ಹೇಳಿ ಎಂದು ನನಗೆ ಕೈ ಮುಗಿದರು. ನಾನೂ ಹೇಳಿ ನೋಡಿದೆ. ಎಲ್ಲ ಕಡೆ ಹೀಗೆಯೇ, ಇದ್ದಷ್ಟರಲ್ಲಿ ಹೊಂದಿಕೊಂಡು ಹೋಗು ಎಂದೆ. ಅತ್ತೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

"ಸೋಮವಾರ ಹುಬ್ಬಳ್ಳಿಗೆ ಹೋಗೂಣು. ಅಲ್ಲಿ ಕೆಲಸದವ್ರ ಕಚೇರಿ ಐತಂತ. ನನಗ ದಾರಿ ಗೊತ್ತಿಲ್ಲ, ನೀ ಬಾ."

ಬಸ್ಸಿನ ಬೋರ್ಡು ಓದಿದವಳು ನಾನು, ಕಾರ್ಮಿಕ ಇಲಾಖೆಯ ಕಚೇರಿ ಎಲ್ಲಿ ಎಂದು ವಿಚಾರಿಸಿದವಳು ನಾನು, ಅರ್ಜಿ ಬರೆದವಳೂ ನಾನೇ. ನಾನಿಲ್ಲದಿದ್ದರೆ ಈ ಮುದುಕಿಯ ಗತಿ ಏನಾಗುತ್ತಿತ್ತು ಎಂದು ದಾರಿಯುದ್ದಕ್ಕೂ ಬೀಗಿದೆ. ಅಧಿಕಾರಿಯ ಮುಂದೆ ಅತ್ತೆ ಬಟ್ಟೆಯ ಗಂಟೊಂದನ್ನು ಬಿಚ್ಚಿದಳು. ಎಂಟು ರೊಟ್ಟಿ! ಅವರು ಗಾಬರಿಯಿಂದ ಕುರ್ಚಿ ಹಿಂದಕ್ಕೆ ಸರಿಸಿ, ತಾವು ಇದನ್ನೆಲ್ಲ ತೆಗೆದುಕೊಳ್ಳುವಂತಿಲ್ಲ ಎಂದರು.

"ಇದು ಲಂಚ ಅಲ್ರಿ, ಸಾಕ್ಷಿ," ಎಂದಳು ಅತ್ತೆ. "ಕೈ ಸೋತೈತಿ ಅಂದಾರ. ಸೋತ ಕೈ ಹಿಂಗ ಬಡೀತೈತೇನ್ ನೋಡ್ರಿ."

ಸಾಹೇಬರು ಸಾಕ್ಷಿಯನ್ನು ಮುಟ್ಟಲಿಲ್ಲ, ಆದರೆ ನಕ್ಕರು. ಕೆಲಸದ ವೇಳೆ ಎಲ್ಲಾದರೂ ಬರೆದಿದೆಯೇ ಎಂದು ಕೇಳಿದರು. ಖಾನಾವಳಿಯ ಹಾಜರಿ ಪುಸ್ತಕದಲ್ಲಿ ದಿನಾಲೂ ಬಂದ ಹೊತ್ತು, ಹೋದ ಹೊತ್ತು ಬರೆದು ಸಹಿ ಮಾಡುತ್ತಿದ್ದೆ ಎಂದಳು. ಮುಂದಿನ ವಾರ ಮಾಲಕರು ಆ ಪುಸ್ತಕ ಹಿಡಿದು ಬರಬೇಕಾಯಿತು. ವ್ಯಾಪಾರ ಕಡಿಮೆಯಾಗಿದೆ ಎಂದರು. ಕಡಿಮೆಯಾಗಿದ್ದರೆ ನಾಲ್ವರಲ್ಲಿ ಒಬ್ಬರ ತಾಸು ಮಾತ್ರ ಏಕೆ ಕಡಿಮೆಯಾಯಿತು, ಸೂಟಿ ಕೇಳಿದವರದೇ ಏಕೆ, ಮೊದಲೇ ಬರವಣಿಗೆಯಲ್ಲಿ ಏಕೆ ತಿಳಿಸಲಿಲ್ಲ ಎಂದು ಸಾಹೇಬರು ಒಂದೊಂದಾಗಿ ಕೇಳಿದರು. ಮಾಲಕರು ಪುಸ್ತಕ ಮುಚ್ಚಿದರು. ಏಳು ತಾಸೂ ಮರಳಿದವು, ತಪ್ಪಿದ ದಿನಗಳ ಪಗಾರವೂ ಬಂತು. ಮಾಲಕರು ಕೇಳಿಕೊಂಡದ್ದು ಒಂದೇ: ಇನ್ನು ಮೇಲೆ ಗಿರಾಕಿಯಾಗಿ ಬರಬಾರದು!

ತಿಂಗಳು ಕಳೆದಿರಬೇಕು. ಒಂದು ಸಂಜೆ ಕೂಸನ್ನು ಎತ್ತಿಕೊಂಡು ಹೋಗಿ ಅತ್ತೆಯ ಮನೆ ಕಟ್ಟೆಯ ಮೇಲೆ ಕೂತು, ಸಾಕ್ಷಿ ರೊಟ್ಟಿಯ ಕಥೆಯನ್ನು ಮತ್ತೊಮ್ಮೆ ಹೇಳಿ ನಗುತ್ತಿದ್ದೆ. ನಾನು ಬರದಿದ್ದರೆ ನೀನು ಆ ಕಚೇರಿ ಮುಟ್ಟುತ್ತಿದ್ದೆಯಾ ಎಂದು ಛೇಡಿಸಿದೆ. ಅತ್ತೆ ನಗಲಿಲ್ಲ.

"ಅದರ ಹಿಂದಿನ ವಾರನ ನಾ ಒಬ್ಬಾಕಿನ ಹೋಗಿ ಬಂದಿದ್ದೆ ತಂಗಿ. ಸಾಹೇಬ್ರು ಇರಲಿಲ್ಲ, ಸೋಮವಾರ ಬಾ ಅಂದಿದ್ರು."

ಮತ್ತೆ ನನ್ನನ್ನೇಕೆ ಕರೆದೆ ಎಂದೆ.

"ನಿಮ್ಮವ್ವ ಹೇಳಿದ್ಲು, ನಿನ್ನ ಸಾಲಿ ಸುದ್ದಿ. ನಿನಗ ದಾರಿ ಗೊತ್ತಾಗ್ಲಿ ಅಂತ ಕರ್ಕೊಂಡ್ ಹೋದೆ."

ಹೆರಿಗೆ ರಜೆ ಮುಗಿಸಿ ಹೋದಾಗ, ನಾನು ಕಲಿಸುವ ಖಾಸಗಿ ಶಾಲೆಯವರು ಆರು ಪಿರಿಯಡ್ಡುಗಳಲ್ಲಿ ನಾಲ್ಕನ್ನು ಬೇರೆಯವರಿಗೆ ಕೊಟ್ಟು, ಮಗು ಸಣ್ಣದು, ಆರಾಮ ತೆಗೆದುಕೊಳ್ಳಿ ಎಂದಿದ್ದರು. ನಾನು ತಲೆ ಆಡಿಸಿ ಬಂದಿದ್ದೆ. ಅವ್ವನೊಬ್ಬಳ ಹತ್ತಿರ ಮಾತ್ರ ಅತ್ತಿದ್ದೆ.

ಅತ್ತೆ ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡಳು. ಸೋಮವಾರ ಬೆಳಿಗ್ಗೆ ನಾನೊಬ್ಬಳೇ ಹುಬ್ಬಳ್ಳಿ ಬಸ್ಸು ಹತ್ತಿದೆ. ಹತ್ತು ಹೊಡೆದು ಹೋಗಿತ್ತು. ಖಾನಾವಳಿಯ ಒಲೆಗಳು ಉರಿಯುತ್ತಿರಬೇಕು. ಅತ್ತೆ ಮಾತ್ರ ನನ್ನ ಕೂಸನ್ನು ಬಗಲಲ್ಲಿಟ್ಟುಕೊಂಡು, ಬಸ್ಸು ಕುಂದಗೋಳದ ದಾರಿ ಹಿಡಿದು ಮರೆಯಾಗುವವರೆಗೆ ರಸ್ತೆಯಲ್ಲೇ ನಿಂತಿದ್ದಳು.