ಅತ್ತೆ ನಿಲ್ಲಿಸಿದ ಸಿನಿಮಾ

ನಮ್ಮ ಸೋದರತ್ತೆಗೆ ಸಿನಿಮಾ ಆಗುತ್ತಿರಲಿಲ್ಲ ಎಂದು ಊರಿನವರು ಹೇಳುತ್ತಿದ್ದರು. ಅದು ಅರ್ಧ ಸತ್ಯ. ಸಿನಿಮಾದವರಿಗೇ ನಮ್ಮ ಅತ್ತೆ ಆಗುತ್ತಿರಲಿಲ್ಲ. ಮಧುಗಿರಿ ಕೋಟೆಯನ್ನು ಯಾವ ಯಾವ ರಾಜರು ಮುತ್ತಿದರು ಎಂದು ಹೈಸ್ಕೂಲಿನಲ್ಲಿ ನಮ್ಮಿಂದ ಉರು ಹೊಡೆಸುತ್ತಿದ್ದರು. ಅದೇ ಬೆಟ್ಟದ ಕೆಳಗೆ ಒಬ್ಬ ಹೆಂಗಸು ಒಂದು ಟೂರಿಂಗ್ ಟಾಕೀಸನ್ನು ಮುತ್ತಿ ಗೆದ್ದ ಸಂಗತಿ ಯಾವ ಪಾಠದಲ್ಲೂ ಬರಲಿಲ್ಲ. ಅದನ್ನು ಕಣ್ಣಾರೆ ಕಂಡವನು ನಾನು. ಕಂಡದ್ದಷ್ಟೇ ಅಲ್ಲ, ಆ ಯುದ್ಧಕ್ಕೆ ಕಾರಣನೂ ನಾನೇ. ಹಲ್ಲೆಲ್ಲ ಉದುರಿದ ಮೇಲಾದರೂ ಒಪ್ಪಿಕೊಳ್ಳದಿದ್ದರೆ ಹೇಗೆ?

ಅತ್ತೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು, ಹಿತ್ತಲಲ್ಲಿ ಕಡ್ಲೆಪುರಿ ಹುರಿದು ಜಗಲಿಯ ಮೇಲೆ ಮಾರುತ್ತಿದ್ದಳು. ಅವಳಿಗೆ ಓದು ಬಾರದು. ಆದರೆ ಬೆಂಗಳೂರಿನಿಂದ ಏಳು ಭಾಗಗಳಲ್ಲಿ ಒಂದು ಮಾಯಾ ಕಾದಂಬರಿ ಹೊರಡುತ್ತಿತ್ತಲ್ಲ, ಅದರ ಪ್ರತಿಯೊಂದು ಭಾಗವನ್ನೂ ಅಂಚೆಯ ವಿ.ಪಿ.ಯಲ್ಲಿ ತರಿಸಿ, ರಟ್ಟಿಗೆ ವಿಭೂತಿ ಹಚ್ಚಿ, ಲಿಂಗಪೂಜೆಯ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕಾದಂಬರಿಯ ಹೆಸರು ಬೇಡ. ಬರೆದವರ ಮೊಮ್ಮಕ್ಕಳು ಎಲ್ಲಾದರೂ ಇದ್ದಾರು. ಮಧ್ಯಾಹ್ನ ಅವಳು ಪುರಿ ಹುರಿಯುವಾಗ ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಕೂಲಿ, ಬಿಸಿ ಪುರಿ.

ಕಥೆಯನ್ನು ಬರೀ ಕೇಳಿ ಸುಮ್ಮನಿರುವವಳಲ್ಲ ಅತ್ತೆ. ಎರಡನೆಯ ಭಾಗದ ಕೊನೆಗೆ ರಾಜಕುಮಾರ ಗಾಜಿನ ಕೋಟೆಯಲ್ಲಿ ಸೆರೆಯಾದ. ಮೂರನೆಯ ಭಾಗ ಬರುವ ಮೊದಲೇ ಯುಗಾದಿ ಬಂತು. ಅತ್ತೆ ಒಬ್ಬಟ್ಟು ಮಾಡಲಿಲ್ಲ, ಅಮ್ಮನಿಗೂ ಮಾಡಗೊಡಲಿಲ್ಲ.

"ಅಕ್ಕಯ್ಯ, ಅದು ಪುಸ್ತಕ ಕಣಕ್ಕ," ಎಂದರು ಅಪ್ಪ, ಆಸೆಯಿಂದ.

"ಪುಸ್ತಕದೊಳಗಿರೋರಿಗೆ ಹಸಿವಾಗಲ್ವೇನೋ? ಆ ಹುಡುಗ ಅಲ್ಲಿ ಉಪವಾಸ ಬಿದ್ದವ್ನೆ, ನೀನು ಇಲ್ಲಿ ತುಪ್ಪ ಸುರ್ಕೊಂಡು ತಿಂತೀಯಾ?"

ಮೂರನೆಯ ಭಾಗದಲ್ಲಿ ಮಂತ್ರವಾದಿ ಬಂದ. ಅವನದು ಎಡಕ್ಕೆ ತಿರುಚಿದ ಮೀಸೆ. ಗ್ರಹಚಾರಕ್ಕೆ ಪಾವಗಡದ ಕಡೆಯ ಕಡಲೇಕಾಯಿ ದಲ್ಲಾಳಿಯೊಬ್ಬನ ಮೀಸೆಯೂ ಎಡಕ್ಕೇ ತಿರುಚಿತ್ತು. ಅವನು ಪುರಿ ಕೇಳಿದರೆ ಅತ್ತೆ ಮುಖ ತಿರುಗಿಸಿದಳು.

"ಏಮಮ್ಮಾ, ನೇನೇಂ ಚೇಶಾನು?" ಎಂದು ಅವನು ಕಂಗಾಲಾಗಿ ಕೇಳಿದ.

"ನೀನು ಮಾಡಿದ್ದೆಲ್ಲ ಮೂರನೇ ಭಾಗದಾಗೆ ಐತೆ. ಓದ್ಕೋ ಹೋಗು," ಎಂದಳು.

ಮುಂದಿನ ವಾರ ಅವನು ಮೀಸೆ ಬೋಳಿಸಿಕೊಂಡು ಬಂದ. ನಮ್ಮತ್ತೆಯ ಪುರಿ ಅಷ್ಟು ಚೆನ್ನಾಗಿರುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಥೆಯಲ್ಲಿ ಚಿನ್ನಿ ಎಂಬ ಹುಡುಗಿಯಿದ್ದಳು. ಕುರಿ ಕಾಯುವವಳು, ಹಕ್ಕಿಗಳ ಮಾತು ಬಲ್ಲವಳು. ಅತ್ತೆಗೆ ರಾಜಕುಮಾರನಿಗಿಂತ ಅವಳೇ ಹೆಚ್ಚು. ಅತ್ತೆಗೂ ಅದೇ ವಯಸ್ಸಿನ ಮಗಳೊಬ್ಬಳಿದ್ದಳಂತೆ. ನಾನು ಹುಟ್ಟುವ ಮೊದಲೇ ಪ್ಲೇಗಿನಲ್ಲಿ ಹೋದಳು ಎಂದು ಅಮ್ಮ ಹೇಳಿದ್ದಳು. ನಾಲ್ಕನೆಯ ಭಾಗ ಬಂದ ದಿನ ಕುತೂಹಲ ತಡೆಯಲಾರದೆ ನಾನೊಬ್ಬನೇ ಮುಂದಕ್ಕೆ ಓದಿಕೊಂಡೆ. ರಾಜಕುಮಾರನಿಗೆ ಗುರಿಯಿಟ್ಟ ಬಾಣಕ್ಕೆ ಚಿನ್ನಿ ಅಡ್ಡ ನಿಂತು ಸತ್ತಳು.

ಮಧ್ಯಾಹ್ನ ಆ ಪುಟ ಬಂದಾಗ ಅತ್ತೆ ಜರಡಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಗೆ ಬಂದದ್ದು ಒಂದು ಹದ್ದು. ಅದು ಆಕಾಶದಿಂದ ಇಳಿದು ಚಿನ್ನಿಯನ್ನು ಎತ್ತಿಕೊಂಡು ಹೋಯಿತು. ಕರುಣೆಯಿಂದ ಹಾಗೆ ಮಾಡಿದೆ ಎಂದು ಬರೆದುಕೊಳ್ಳಲು ಆಸೆಯಿದೆ. ಆದರೆ ರಾಜಕುಮಾರನ ಸೆರೆಗೇ ಒಬ್ಬಟ್ಟು ಹೋಗಿತ್ತು; ಚಿನ್ನಿ ಸತ್ತರೆ ಮನೆಯಲ್ಲಿ ಒಲೆ ಉರಿಯುವುದೇ ಇಲ್ಲವೆಂಬ ಭಯವೂ ಇತ್ತು. ಸತ್ತವಳನ್ನು ಬದುಕಿಸಿದ ಮೇಲೆ ಸಾಕಬೇಕಲ್ಲ? ಐದು, ಆರು, ಏಳನೆಯ ಭಾಗಗಳ ಉದ್ದಕ್ಕೂ ಅವಳನ್ನು ನಾನೇ ಸಾಕಿದೆ. ಕೊನೆಗೆ ಮದುವೆಯನ್ನೂ ಮಾಡಿಸಿದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಆ ಕಾದಂಬರಿ ಸಿನಿಮಾ ಆಗಿ ನಮ್ಮೂರಿಗೇ ಬರಬೇಕೆ? ಸಂತೆ ಮೈದಾನದಲ್ಲಿ ಟೆಂಟು ಎದ್ದಿತು. ಬೇಡವೆಂದು ನಾನು ಏನೆಲ್ಲ ಹೇಳಿದೆ. ಟೆಂಟಿನಲ್ಲಿ ಚೇಳಿದೆ ಎಂದೂ ಹೇಳಿದೆ. "ಚೇಳಿಗೆ ಬ್ಯಾರೆ ಕೆಲ್ಸ ಇಲ್ವಾ? ನಡೀಲಾ," ಎಂದು ಅತ್ತೆ ಏಳೂ ಭಾಗಗಳನ್ನು ಚೀಲಕ್ಕೆ ತುಂಬಿ ನನ್ನ ಹೆಗಲಿಗೆ ಹಾಕಿದಳು. ಸಿನಿಮಾದವರು ಎಲ್ಲಾದರೂ ಮರೆತರೆ ತೋರಿಸುವುದಕ್ಕಂತೆ!

ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಬಟ್ಟೆ ಕಟ್ಟಿದ್ದರು. ಅದರ ಆ ಪಕ್ಕ ಅತ್ತೆ, ಈ ಪಕ್ಕ ನಾನು, ಮರಳಿನ ಮೇಲೆ.

"ಇವನ್ಯಾರ್ಲಾ?" ಎಂದಳು ಬಟ್ಟೆಯ ಆಚೆಯಿಂದ.

"ರಾಜಕುಮಾರ, ಅತ್ತೆ."

"ಈ ಹೊಟ್ಟೆಯೋನಾ? ಇವನಿಗೋಸ್ಕರ ನಾನು ಒಬ್ಬಟ್ಟು ಬುಟ್ನಾ?"

ಗಾಳಿಗಿಂತ ವೇಗದ ಕುದುರೆ ಬಂತು. ಅದರ ರಟ್ಟಿನ ರೆಕ್ಕೆಗಳಲ್ಲಿ ಒಂದು ಜೋತುಬಿದ್ದಿತ್ತು.

"ಇದು ಕೊರಟಗೆರೆ ಜಟಕಾ ಕುದುರೆ ಕಣ್ಲಾ. ಹತ್ತು ಹೆಜ್ಜೆಗೊಂದ್ಸಲ ನಿಂತ್ಕತದೆ, ನೋಡ್ತಿರು."

ರಾಜಕುಮಾರ ಸೆರೆಯಲ್ಲಿ ಹಾಡತೊಡಗಿದ. "ಸುಮ್ಕಿರೋ, ಕಾವಲುಗಾರ ಎದ್ಬುಡ್ತಾನೆ," ಎಂದು ಅತ್ತೆ ಅವನಿಗೇ ಹೇಳಿದಳು. ಅವನು ಕೇಳಲಿಲ್ಲ, ಇನ್ನೂ ಎರಡು ಹಾಡು ಹಾಡಿದ. ಟೆಂಟಿಗೆ ಟೆಂಟೇ ಸಿನಿಮಾ ಬಿಟ್ಟು ನಮ್ಮತ್ತೆಯನ್ನು ಕೇಳುತ್ತಿತ್ತು.

ಚಿನ್ನಿ ಬಂದಾಗ ಮಾತ್ರ ಅತ್ತೆ ಮಾತು ನಿಲ್ಲಿಸಿದಳು. ಆ ಹುಡುಗಿ ನಿಜಕ್ಕೂ ಚಿನ್ನಿಯಂತೆಯೇ ಇದ್ದಳು. ನಾನು ಪುಸ್ತಕದ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಮಂತ್ರವಾದಿ ಬಿಲ್ಲೆತ್ತಿದ.

"ನಾಕನೇ ಭಾಗ," ಎಂದಳು ಅತ್ತೆ ಮೆಲ್ಲಗೆ. "ಈಗ ಹದ್ದು ಬತ್ತದೆ ನೋಡು."

ಹದ್ದು ಬರಲಿಲ್ಲ. ಚಿನ್ನಿ ಬಿದ್ದಳು.

ಪರದೆಯ ಮೇಲೆ ಒಂದು ದೊಡ್ಡ ನೆರಳು ಎದ್ದಿತು. ಅತ್ತೆ ಎದ್ದು ಹೋಗಿ ಬೆಳಕಿಗೆ ಅಡ್ಡ ನಿಂತಿದ್ದಳು. "ನಿಲ್ಸಿ! ಹದ್ದೆಲ್ಲಿ?"

ರೀಲು ನಿಂತಿತು. ಮ್ಯಾನೇಜರು, ಸಿರಾದ ಸಾಬರು, ಲಾಟೀನು ಹಿಡಿದು ಬಂದರು. "ಅಮ್ಮಾಜಿ, ಥೋಡಾ ಸಬೂರ್ ಮಾಡಿ. ಕಥೆಯಲ್ಲೇ ಆ ಹುಡುಗಿ ಸಾಯ್ತದೆ."

"ಯಾವ ಕಥೇಲಿ? ಏಳನೇ ಭಾಗದಾಗೆ ಅವಳ ಮದುವೆ ಐತೆ! ಲೇ, ಬಾರ್ಲಾ ಇಲ್ಲಿ. ನಾಕನೇ ಭಾಗ ತೆಗ್ದು ಓದು ಸಾಬರಿಗೆ."

ಚೀಲ ಹೊತ್ತು ಹೋದೆ. ಊರೆಲ್ಲ ನೋಡುತ್ತಿತ್ತು. ಸಾಬರು ಲಾಟೀನನ್ನು ಪುಟದ ಮೇಲೆಯೇ ಹಿಡಿದರು. ಅಚ್ಚಿನಲ್ಲಿ ಚಿನ್ನಿ ಸತ್ತು ಬಿದ್ದಿದ್ದಳು. ಅತ್ತೆಯ ಕಡೆ ನೋಡಲು ಧೈರ್ಯ ಬರಲಿಲ್ಲ. ಗಟ್ಟಿಯಾಗಿ ಓದಿದೆ: "ಅಷ್ಟರಲ್ಲಿ ಆಕಾಶದಿಂದ ಒಂದು ಹದ್ದು ಇಳಿದು..."

ಸಾಬರು ಬಗ್ಗಿ ಪುಟ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಅತ್ತೆಯ ಮುಖ ನೋಡಿದರು.

"ಹೌದು ಅಮ್ಮಾಜಿ," ಎಂದರು. "ಹದ್ದು ಐತೆ. ಕಂಪ್ನಿಯೋರು ಕಟ್ ಮಾಡ್ಬುಟ್ಟವ್ರೆ."

ಸಾಬರು ಹಾಗೆಂದದ್ದೇ ತಡ, "ಹದ್ದು ತೋರ್ಸಿ" ಎಂದು ಇಡೀ ಟೆಂಟು ಕೂಗತೊಡಗಿತು. ಎಲ್ಲಿಂದ ತರುತ್ತಾರೆ ಹದ್ದನ್ನು? ಬೆಳಗಾಗುವುದರೊಳಗೆ ಗೂಟ ಕಿತ್ತುಕೊಂಡು ಹೋದರು.

ಊರಿಗೆ ಊರೇ ಅತ್ತೆಯನ್ನು ಹೊಗಳಿತು. ನಾನು ಮಾತ್ರ ತಿಂಡಿ ಬಿಟ್ಟು ಎದ್ದೆ. ಹಿತ್ತಲಿಗೆ ಹೋಗಿ, ಪುರಿ ಜರಡಿ ಹಿಡಿಯುತ್ತಿದ್ದ ಅವಳ ಬೆನ್ನಿಗೆ ಹೇಳಿದೆ: "ಅತ್ತೆ, ಪುಸ್ತಕದಲ್ಲಿ ಹದ್ದು ಇಲ್ಲ."

ಜರಡಿ ನಿಲ್ಲಲಿಲ್ಲ. "ಗೊತ್ತು ಬುಡು. ನಾಕನೇ ಭಾಗದಿಂದೀಚೆಗೆ ಚಿನ್ನಿ ಬಂದಾಗೆಲ್ಲ ನೀನು ಹಾಳೆ ತಿರುಗ್ಸೋದೇ ಮರೀತಿದ್ದೆ."

"ಮತ್ತೆ ಟೆಂಟಿನಲ್ಲಿ ಯಾಕೆ..."

"ಮೀಸೆ ಬರ್ದಿರೋ ಹುಡುಗ ನೀನು. ನಿಂಗೇ ಅವಳನ್ನ ಸಾಯ್ಸಕ್ಕೆ ಮನಸು ಬರ್ಲಿಲ್ಲ. ಅದು ಅಷ್ಟು ದೊಡ್ಡ ಕಂಪ್ನಿ, ಅಷ್ಟೊಂದು ಜನ. ಒಬ್ಬರಿಗಾದ್ರೂ ಅಂಗೇ ಅನ್ಸಿರ್ತದೆ ಅಂದ್ಕಂಡಿದ್ದೆ."

ಆಮೇಲೆ ಒಂದು ಮೊರ ಬಿಸಿ ಪುರಿ ತಂದು ನನ್ನ ಮುಂದಿಟ್ಟು, ಪಕ್ಕದಲ್ಲೇ ಕೂತಳು. "ಮದುವೆ ಆದ್ಮೇಲೆ ಏನಾಯ್ತು ಅವಳ್ಗೆ? ಓದು."

ಏಳನೆಯ ಭಾಗ ಮುಗಿದು ಎಷ್ಟೋ ಕಾಲವಾಗಿತ್ತು. ಉಳಿದ ಪುಟಗಳಲ್ಲಿದ್ದದ್ದು ಬರೀ ಕೂದಲೆಣ್ಣೆಯ ಜಾಹೀರಾತು. ಅದನ್ನೇ ತಂದು ತೆರೆದಿಟ್ಟುಕೊಂಡು, ಚಿನ್ನಿ ಗಂಡನ ಊರಿಗೆ ಹೋದದ್ದನ್ನು, ಅಲ್ಲಿಯ ಹಕ್ಕಿಗಳು ಅವಳನ್ನು ಗುರುತು ಹಿಡಿದದ್ದನ್ನು, ಅವಳಿಗೊಂದು ಹೆಣ್ಣುಮಗು ಹುಟ್ಟಿದ್ದನ್ನು ಓದುತ್ತಾ ಹೋದೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಪರವಾಗಿ ಹಾಳೆ ತಿರುಗಿಸಿದಳು.